ನಾಲ್ಕನೇ ಬಾಟಲಿ ಪತ್ತೆಯಾಗಿಲ್ಲ

ಡೈರಿಯ ಗೋಡೆಗೆ ಅಂಟಿಸಿದ್ದ ಕಾಗದವನ್ನು ಊರಿಗೆಲ್ಲ ಓದಿ ಹೇಳಿದವಳು ಯಶೋಧಾ. ಓದಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಪ್ಪಿದ್ದು ಅರ್ಥ. ಅದು ತಪ್ಪೆಂದು ಗೊತ್ತಾಗುವ ಹೊತ್ತಿಗೆ ಎರಡು ಮನೆಗಳ ನಡುವೆ ಮಾತು ನಿಂತು ಹನ್ನೆರಡು ದಿನ ಕಳೆದಿತ್ತು.

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ತಂತಿಬೇಲಿ ಮುಗಿದ ಕಡೆ ಹಿಪ್ಪುನೇರಳೆ ತೋಟಗಳು ಶುರುವಾಗುತ್ತವೆ, ತೋಟ ದಾಟಿದರೆ ಊರು. ಬಣ್ಣ ತೆಳುವು ಮಾಡಲು ಬೆರೆಸುವ ಎಣ್ಣೆಯಂಥದ್ದೇನನ್ನೋ ತಯಾರಿಸುವ ಕಾರ್ಖಾನೆಯೊಂದು ಬೇಲಿಯ ಒಳಗೆ ಬಂದು ಆಗ, ಎರಡು ಸಾವಿರದ ಎಂಟರಲ್ಲಿ, ಐದು ವರ್ಷವಾಗಿತ್ತು. ಊರಿನವರು ಅದನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಬರೀ ‘ಕಂಪ್ನಿ’. ಗಾಳಿ ಇತ್ತ ತಿರುಗಿದ ದಿನ ಉಗುರುಬಣ್ಣದ ಸೀಸೆಯ ಮುಚ್ಚಳ ತೆಗೆದ ಹಾಗೆ ವಾಸನೆ ಬರುತ್ತಿತ್ತು. ಬೋರ್‌ವೆಲ್ ನೀರಿನಲ್ಲೂ ಬರುತ್ತದೆ ಎಂದು ಕೆಲವರು, ಅದು ಮೂಗಿನ ಭ್ರಮೆ ಎಂದು ಕೆಲವರು.

ಯಶೋಧಾಳಿಗೆ ಈ ವಾದದಲ್ಲಿ ಗೆಲ್ಲುವ ಹಟವಿರಲಿಲ್ಲ. ಅವಳಿಗೆ ನಾಲ್ಕು ತಿಂಗಳು. ಹೋದ ವರ್ಷವೂ ಹೀಗೇ ನಾಲ್ಕು ತುಂಬಿ ಐದಕ್ಕೆ ಬಿದ್ದಿತ್ತು, ಐದರಲ್ಲಿ ಹೋಯಿತು. ಕೈ, ಕಾಲು, ಬೆರಳು ಎಲ್ಲ ಆಗಿತ್ತು ಎಂದು ಆಸ್ಪತ್ರೆಯ ಆಯಾ ಬಾಯಿತಪ್ಪಿ ಹೇಳಿಬಿಟ್ಟಿದ್ದಳು. ಯಾಕೆ ಹೋಯಿತೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಅತ್ತೆ ಸುಂದರಮ್ಮ ದೃಷ್ಟಿ ಎಂದರು. ಗಂಡ ದಯಾನಂದ, ಸೊಪ್ಪಿನ ಮೂಟೆ ಹೊರಬೇಡ ಅಂದರೆ ಕೇಳಲಿಲ್ಲ ನೀನು ಎಂದ. ಕಂಪ್ನಿ ನೀರೇ ಕಾರಣ, ಇನ್ನೇನು, ಎಂದರು ಅಕ್ಕಪಕ್ಕದವರು. ಎಲ್ಲರೂ ಕಣ್ಣಾರೆ ಕಂಡವರ ಹಾಗೆ ಹೇಳಿದರು. ಅವಳು ಎಲ್ಲರ ಮುಖವನ್ನೂ ನೋಡುತ್ತ ಕೂತಳೇ ಹೊರತು ಯಾರನ್ನೂ ನಂಬಲಿಲ್ಲ. ಈ ಸಲ ಹಿತ್ತಲ ಬೋರಿನಿಂದ ಕುಡಿಯುವ ಒಂದೊಂದು ಲೋಟ ನೀರನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನೀರು ನೀರಿನ ಹಾಗೆಯೇ ಇರುತ್ತಿತ್ತು.

ನೀರಿನ ಪರೀಕ್ಷೆಗೆ ಬೆಂಗಳೂರಿನ ಕಾಲೇಜೊಂದರಿಂದ ನೂರ್ಜಹಾನ್ ಎಂಬಾಕೆ ಬರತೊಡಗಿದ್ದು ಈ ಬಸಿರಿಗೂ ಮೊದಲು. ಬಿಸಿಲಲ್ಲಿ ಒಮ್ಮೆ, ಮಳೆಯಲ್ಲಿ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ, ಮೂರು ಸಲ ಬಂದಳು. ಐಸು ತುಂಬಿದ ಡಬ್ಬ, ಕಪ್ಪು ಗಾಜಿನ ಪುಟ್ಟ ಬಾಟಲಿಗಳು, ಪ್ರಶ್ನೆಗಳ ಒಂದು ಕಟ್ಟು. ಒಂಬತ್ತು ಬೋರುಗಳಿಂದ ನೀರು ಹಿಡಿದಳು. ಯಶೋಧಾಳ ಮನೆಯದು ಮೂರನೇ ಬಾಟಲಿ. ಹಳ್ಳದ ಆಚೆ ಬಂಡೆಯ ಮೇಲ್ಗಡೆ ಇರುವ ಚೆಲುವಯ್ಯನ ಮನೆಯದು ನಾಲ್ಕನೆಯದು.

ಯಶೋಧಾ ಮೊದಲು ನೋಡಿದ್ದು ಆಕೆ ಬಂದ ಜೀಪನ್ನು. ಅದು ಊರಿಗೆ ಬರುವ ಮುಂಚೆ ಕಂಪ್ನಿಯ ಗೇಟಿನ ಒಳಗೆ ಅರ್ಧ ಗಂಟೆ ನಿಂತಿತ್ತು.

“ಒಳಗೆ ಏನ್ ಕೆಲ್ಸ ಇತ್ತು ಮೇಡಂ?” ಎಂದು ಕೇಳಿಯೇಬಿಟ್ಟಳು.

“ಅವರ ಬೋರ್ ನೀರೂ ಬೇಕಿತ್ತು.”

“ಟೀ ಕೊಟ್ರಾ?”

ನೂರ್ಜಹಾನ್ ತಲೆ ಎತ್ತಿದಳು. “ಕೊಟ್ರು. ಕುಡಿದೆ.”

ಕುಡಿದೆ ಎಂದು ಒಪ್ಪಿಕೊಂಡದ್ದು ಒಳ್ಳೆಯದೋ ಕೆಟ್ಟದ್ದೋ ಯಶೋಧಾಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಪ್ರಶ್ನೆಗಳು ಶುರುವಾದವು. ಜಗಲಿಯ ಮೇಲೆ ಸೊಪ್ಪು ಹೆಚ್ಚುತ್ತಿದ್ದ ಸುಂದರಮ್ಮನನ್ನು ಆಕೆ ಕೇಳಿದಳು, “ಮನೇಲಿ ಯಾರಿಗಾದ್ರೂ ಇತ್ತೀಚೆಗೆ ಜ್ವರ ಬಂದಿತ್ತಾ ಅಮ್ಮ?”

“ಎರಡ್ನೇ ಜ್ವರ ನಿನ್ನೆ ಎದ್ದೋ ಕಣವ್ವ. ಮೂರ್ನೇ ಜ್ವರಕ್ಕೆ ಇನ್ನೂ ಮೂರ್ ದಿನ ಐತೆ.”

ನೂರ್ಜಹಾನ್ ಗಾಬರಿಯಿಂದ ಬರೆದುಕೊಂಡಳು. “ಎಷ್ಟು ಜನಕ್ಕೆ?”

“ಜನ ಎಲ್ಲಿಂದ ಬಂದ್ರು? ನೂರೈವತ್ತು ಮೊಟ್ಟೆ ಹುಳ!”

ರೇಷ್ಮೆ ಹುಳು ಪೊರೆ ಬಿಡುವ ಮುನ್ನ ಸೊಪ್ಪು ಮುಟ್ಟದೆ, ಅಲ್ಲಾಡದೆ ಒಂದು ದಿನ ಕೂರುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ತಿಳಿದ ಮೇಲೆ ನೂರ್ಜಹಾನ್ ಬಿದ್ದು ಬಿದ್ದು ನಕ್ಕಳು, ಬರೆದದ್ದನ್ನು ಹೊಡೆದುಹಾಕಿದಳು. ಸುಂದರಮ್ಮನೂ ನಕ್ಕರು. ಯಶೋಧಾ ನಗಲಿಲ್ಲ. ಇಷ್ಟು ಸುಲಭವಾಗಿ ಬರೆಯುತ್ತಾಳೆ, ಇಷ್ಟು ಸುಲಭವಾಗಿ ಹೊಡೆದುಹಾಕುತ್ತಾಳೆ. ಇನ್ನು ಬೇರೆ ಮನೆಗಳಲ್ಲಿ ಏನೇನು ಹೊಡೆದುಹಾಕಿದ್ದಾಳೋ.

ಕೊನೆಗೆ ಆಕೆ ಯಶೋಧಾಳನ್ನು ಒಳಗೆ ಕರೆದು ತಗ್ಗಿದ ದನಿಯಲ್ಲಿ, ಬಸಿರು ಮಧ್ಯೆ ಹೋದದ್ದು ಏನಾದರೂ ಇದೆಯಾ ಎಂದು ಕೇಳಿದಳು. ಯಶೋಧಾ ಹೇಳಿದಳು. ಹೇಳಿ, ತಾನೂ ಒಂದು ಕೇಳಿದಳು. “ಈ ನೀರು ನೋಡುದ್ರೆ, ಯಾಕೆ ಹೋಯ್ತು ಅಂತ ಗೊತ್ತಾಯ್ತದಾ?”

“ಹೇಳೋದು ಕಷ್ಟ,” ಎಂದಳು ನೂರ್ಜಹಾನ್.

ಕಷ್ಟವಂತೆ. ಯಾರಿಗೆ ಕಷ್ಟ?

ವರದಿ ಬಂದದ್ದು ಮಾಘದಲ್ಲಿ. ಪಂಚಾಯಿತಿಯವರು ಅದರ ಒಂದು ಹಾಳೆಯನ್ನು ಡೈರಿಯ ಗೋಡೆಗೆ ಅಂಟಿಸಿ ಕೈ ತೊಳೆದುಕೊಂಡರು. ಸಂಜೆ ಹಾಲು ಹಾಕಲು ಬಂದವರೆಲ್ಲ ಅದರ ಮುಂದೆ ಕ್ಯಾನು ಹಿಡಿದು ನಿಂತರು. ಡೈರಿ ಸೆಕ್ರೆಟರಿ ಬೋರಲಿಂಗಯ್ಯ, “ಯಸೋದವ್ವ, ನೀ ಎಸ್ಸೆಲ್ಸಿ ಪಾಸಾದೋಳು, ಗಟ್ಟಿಯಾಗ್ ಓದು. ನನ್ ಕನ್ನಡ್ಕ ಮನೇಲೈತೆ,” ಎಂದ. ಅವನ ಕನ್ನಡಕ ಅವನ ಜೇಬಿನಲ್ಲೇ ಇತ್ತು. ಓದಿ ಹೇಳಿದವರ ತಲೆಗೆ ಜವಾಬ್ದಾರಿ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಯಶೋಧಾ ಓದಿದಳು. “ಮಾದರಿ ಸಂಖ್ಯೆ ಮೂರು. ಹನ್ನೊಂದು. ಬ್ರಾಕೆಟ್ಟಲ್ಲಿ ಆರು, ಅಡ್ಡಗೆರೆ, ಹದಿನೆಂಟು. ಅಂದಾಜಿನಲ್ಲಿ ಗಣನೀಯ ಅನಿಶ್ಚಿತತೆ ಇದೆ. ದೀರ್ಘಕಾಲದ ಸೇವನೆಯಿಂದ ಆರೋಗ್ಯಕ್ಕೆ ಅಪಾಯ ಉಂಟಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಖಚಿತಪಡಿಸಲೂ ಆಗದು.”

“ಏನಂಗಂದ್ರೆ?”

“ಐತೆ ಅಂತಾನೂ ಇಲ್ಲ, ಇಲ್ಲ ಅಂತಾನೂ ಇಲ್ಲ.”

“ಥೂ ಇವ್ರ! ಹನ್ನೊಂದಾ, ಆರಾ, ಹದಿನೆಂಟಾ?” ಎಂದ ಬೋರಲಿಂಗಯ್ಯ. “ನಿಮ್ ಹಾಲಿಗೆ ನಾನೂ ಹಂಗೇ ಬರ್ಕೊಡ್ಲಾ? ಫ್ಯಾಟು ನಾಲ್ಕು, ಬ್ರಾಕೆಟ್ಟಲ್ಲಿ ಎರಡೂ ಆಗ್ಬೌದು, ಆರೂ ಆಗ್ಬೌದು. ಬುಡ್ತೀರಾ ನನ್ನ?”

ಎಲ್ಲರೂ ನಕ್ಕರು. ಯಶೋಧಾಳಿಗೆ ನಗು ಬರಲಿಲ್ಲ. ಆ ಮೂರನೇ ಸಾಲು ಅವಳ ಹಿತ್ತಲಿನದು. ಕಣ್ಣು ಕೆಳಗಿನ ಸಾಲಿಗೆ ಹೋಯಿತು.

“ಮಾದರಿ ಸಂಖ್ಯೆ ನಾಲ್ಕು. ಪತ್ತೆಯಾಗಿಲ್ಲ.”

“ಏನ್ ಪತ್ತೆಯಾಗಿಲ್ಲ?”

ಅವಳು ಮತ್ತೊಮ್ಮೆ ಮನಸ್ಸಿನಲ್ಲೇ ಓದಿದಳು. ಅಲ್ಲಿ ಅಷ್ಟೇ ಇತ್ತು. ಮೇಯಲು ಬಿಟ್ಟ ಹಸು ಸಂಜೆಗೆ ಬಾರದಿದ್ದರೆ ಪತ್ತೆಯಿಲ್ಲ. ಹೆಂಡತಿ ಬಿಟ್ಟು ಮಾಗಡಿ ಕಡೆ ಓಡಿಹೋದ ಜಬ್ಬಾರನ ಅಳಿಯ ಪತ್ತೆಯಿಲ್ಲ. ಊರಿನಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ.

“ಬಾಟ್ಲಿ,” ಎಂದಳು. “ನಾಲ್ಕ್ನೇ ಬಾಟ್ಲಿ ಕಳ್ದೋಗೈತೆ.”

“ನಾಲ್ಕು ಯಾರ್ದು?”

“ಚೆಲುವಯ್ಯನೋರ್ದು.”

ಚೆಲುವಯ್ಯ ಮತ್ತು ಮಾಯಮ್ಮನ ಮಗ ಕೆಂಪರಾಜು ಕಂಪ್ನಿಯಲ್ಲಿ ಸೂಪರ್‌ವೈಸರ್. ಒಂಬತ್ತು ಬಾಟಲಿಯಲ್ಲಿ ಎಂಟು ಬೆಂಗಳೂರು ಮುಟ್ಟುತ್ತವೆ, ಕೆಂಪರಾಜುವಿನ ಮನೆಯದೊಂದು ದಾರಿಯಲ್ಲಿ ಮಾಯವಾಗುತ್ತದೆ. ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ಅಷ್ಟರಲ್ಲಿ ಮಾಯಮ್ಮನೇ ಹಾಲಿನ ಕ್ಯಾನು ಹಿಡಿದು ಹಳ್ಳ ಹತ್ತಿ ಬಂದಳು.

“ಏನ್ರವ್ವ, ಗೋಡೆ ಮುಂದೆ ಜಾತ್ರೆ?”

ಯಶೋಧಾ ಬಾಯಿ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಿಲ್ಲ. “ನಿಮ್ಮನೆ ಬಾಟ್ಲಿ ಎಲ್ಲೋಯ್ತು ಮಾಯಕ್ಕ? ಸರ್ಕಾರ್ದೋರ್ಗೂ ಸಿಗ್ತಾ ಇಲ್ವಂತೆ. ಕೆಂಪ್ರಾಜುನ್ ಜೇಬಲ್ಲಿ ಒಸಿ ನೋಡು.”

ಮಾಯಮ್ಮನಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಕೆಂಪಾಯಿತು. “ಆ ಯಮ್ಮ ಮೂರ್ ಸಲಾನೂ ನನ್ ಕಣ್ಮುಂದೆ ನೀರ್ ಹಿಡ್ಕೊಂಡೋದ್ಲು. ಬಾಟ್ಲಿ ಕದ್ಯೋ ವಂಸ ಅಲ್ಲ ನಮ್ದು!”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲ್ಯಾಕ್ ಮುಟ್ಕೊಂತೀಯ?”

“ನಿನ್ ಹೊಟ್ಟೆ...” ಎಂದವಳು ಮಾಯಮ್ಮ ಅರ್ಧಕ್ಕೇ ನಿಲ್ಲಿಸಿದಳು. ನಿಲ್ಲಿಸಿದ್ದನ್ನು ಎಲ್ಲರೂ ಪೂರ್ತಿ ಕೇಳಿಸಿಕೊಂಡರು. ಹಾಲು ಹಾಕದೆಯೇ ಹಿಂದಕ್ಕೆ ಹೋದಳು.

ಅವತ್ತಿನಿಂದ ಮಾಯಮ್ಮ ಹಳ್ಳದ ಈಚೆ ಬರುವುದನ್ನೇ ಬಿಟ್ಟಳು. ಊರಿನಲ್ಲಿ ಕಥೆ ದಿನಕ್ಕೊಂದು ರೆಕ್ಕೆ ಕಟ್ಟಿಕೊಂಡಿತು. ಬಾಟಲಿಯನ್ನು ಒಡೆದರಂತೆ, ಅಲ್ಲ, ಅದರ ನೀರು ಹಸಿರಾಗಿತ್ತಂತೆ, ಅದಕ್ಕೇ ಮುಚ್ಚಿಟ್ಟರಂತೆ. ಇನ್ನು ಆರು, ಹನ್ನೊಂದು, ಹದಿನೆಂಟು ಎನ್ನುವುದು ಇದ್ದದ್ದನ್ನು ಮಸುಕು ಮಾಡಲು ಬರೆಸಿದ್ದು. ನಿಜ ಗೊತ್ತಿದ್ದವರು ಒಂದೇ ಅಂಕಿ ಬರೆಯುವುದಿಲ್ಲವೇ? ಯಶೋಧಾ ಇದನ್ನೆಲ್ಲ ನಂಬಿದಳು, ನಂಬಿದಷ್ಟೂ ಬಾಯಾರಿಕೆ ಹೆಚ್ಚಿತು. ಹಿತ್ತಲ ನೀರನ್ನು ಕಾಯಿಸಿ ಕುಡಿದಳು, ಬಟ್ಟೆಯಲ್ಲಿ ಸೋಸಿ ಕುಡಿದಳು, ಒಂದು ದಿನ ಕುಡಿಯದೆಯೇ ಇದ್ದು ತಲೆಸುತ್ತಿ ಬಿದ್ದಳು. “ಎರಡು ಜೀವ ಇರೋಳು ನೀರ್ ಬುಟ್ರೆ ಬದುಕ್ತೀಯೇನೆ?” ಎಂದು ಸುಂದರಮ್ಮ ಬೈದು, ಅದೇ ನೀರಿನಲ್ಲಿ ನಿಂಬೆಹಣ್ಣು ಹಿಂಡಿ ಕುಡಿಸಿದರು.

ಗಲಾಟೆ ಪಂಚಾಯಿತಿಯ ಕಿವಿಗೂ ಬಿದ್ದು, ಶಾಲೆಯ ಜಗಲಿಯಲ್ಲಿ ಒಂದು ಭಾನುವಾರ ಸಭೆ ಸೇರಿಸಿದರು. ನೂರ್ಜಹಾನ್ ಬಂದಳು. ಕಂಪ್ನಿಯ ಕಡೆಯಿಂದ ಜಯಕುಮಾರ್ ಎಂಬ ಆಫೀಸರ್ ಬಂದ, ಇಸ್ತ್ರಿ ಅಂಗಿ, ಎಲ್ಲರಿಗೂ ನಮಸ್ಕಾರ. ಅವನೇ ಮೊದಲು ಮಾತಾಡಿದ.

“ನಿಮ್ಮ ನೀರು ನೂರಕ್ಕೆ ನೂರು ಸೇಫ್. ಬೇಕಾದ್ರೆ ಈಗಲೇ ಕುಡೀತೀನಿ.” ಯಶೋಧಾಳ ಮನೆಯ ಬೋರಿನಿಂದಲೇ ಒಂದು ಚೊಂಬು ತರಿಸಿ, ಎತ್ತಿ ಗಟಗಟ ಕುಡಿದ. ಒಂದು ಹನಿ ಉಳಿಸಲಿಲ್ಲ. ಜನ ಚಪ್ಪಾಳೆ ಹೊಡೆದರು.

“ನೋಡ್ದಾ?” ಎಂದು ದಯಾನಂದ ಹೆಂಡತಿಯ ಕಡೆ ಬಾಗಿದ. “ಗಂಡ್ಸು ಅಂದ್ರೆ ಅವ್ನು.”

“ಗಂಡ್ಸೇ. ಅದುಕ್ಕೇ ಕುಡ್ದ,” ಎಂದಳು ಯಶೋಧಾ. “ಇವತ್ತೊಂದ್ ದಿನ ಒಂದ್ ಚೊಂಬು. ನಾನು ದಿನಾ ಕುಡೀತೀನಿ. ನನ್ನೊಳ್ಗೆ ಇನ್ನೊಬ್ರು ಕುಡೀತವ್ರೆ.”

ನೂರ್ಜಹಾನ್ ಎದ್ದು ನಿಂತಾಗ ಚಪ್ಪಾಳೆ ಇರಲಿಲ್ಲ. ಅವಳು ಮೊದಲ ಮಾತು ಎತ್ತುವ ಮುನ್ನವೇ ಹಿಂದಿನಿಂದ ಒಬ್ಬ ಕೂಗಿದ. “ಮೇಡಂ, ನಾಲ್ಕ್ನೇ ಬಾಟ್ಲಿ ಎಲ್ಲೈತೆ ಅದ್ನ ಹೇಳಿ ಮೊದ್ಲು!”

“ಎಲ್ಲಿದೆ ಅಂದ್ರೆ? ನಮ್ಮ ಲ್ಯಾಬಲ್ಲಿದೆ.”

“ಕಳ್ದೋಗೈತೆ ಅಂತ ನೀವೇ ಬರ್ದಿದ್ದೀರಲ್ಲ!”

“ಎಲ್ಲಿ ಬರ್ದಿದೀನಿ?” ಯಾರೋ ಗೋಡೆಯಿಂದ ಕಿತ್ತ ಕಾಗದವನ್ನು ಅವಳ ಕೈಗಿತ್ತರು. ಅವಳು ಓದಿದಳು. ಮತ್ತೆ ಓದಿದಳು. ಕೈ ಹಣೆಗೆ ಹೋಯಿತು. “ಅಯ್ಯೋ. ಬಾಟ್ಲಿ ಅಲ್ಲಪ್ಪ ಪತ್ತೆಯಾಗದೇ ಇರೋದು. ಆ ಬಾಟ್ಲಿ ನೀರಲ್ಲಿ ಆ ಕೆಮಿಕಲ್ಲು ಪತ್ತೆಯಾಗಿಲ್ಲ. ಮೂರು ಸಲ ನೋಡಿದ್ರೂ ಸಿಗಲಿಲ್ಲ.”

ಜಗಲಿಯ ಆ ತುದಿಯಲ್ಲಿ ಸೆರಗು ಬಿಗಿದು ಕೂತಿದ್ದ ಮಾಯಮ್ಮ ನಿಧಾನವಾಗಿ ತಲೆ ತಿರುಗಿಸಿ ಯಶೋಧಾಳನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬರೀ ನೋಡಿದಳು. ಸುತ್ತ ನಗೆ ಎದ್ದಿತು, “ಎಸ್ಸೆಲ್ಸಿ ಪಾಸು!” ಎಂದು ಯಾರೋ ಕಿಸಕ್ಕೆಂದರು. ಯಶೋಧಾ ನೆಲದ ಮೇಲಿನ ಸುಣ್ಣದ ಕಲೆಯನ್ನು ನೋಡುತ್ತ ಕೂತಳು.

ಕೆಂಪರಾಜು ಎದ್ದ. “ಕೇಳುದ್ರಲ್ಲ? ಕಂಪ್ನಿ ನೀರು ಅಂತ ನಮ್ಮವ್ವನ್ ಮಾನ ಕಳುದ್ರಿ. ಈಗ ಅವ್ರೇ ಹೇಳ್ತಾವ್ರೆ, ಇಲ್ಲ ಅಂತ!”

“ಇಲ್ಲ ಅಂತಲ್ಲ,” ಎಂದಳು ನೂರ್ಜಹಾನ್. “ನಮ್ಮ ಮಷೀನಿಗೆ ಕಾಣಿಸಲಿಲ್ಲ ಅಂತ. ತೀರಾ ಕಮ್ಮಿ ಇದ್ರೆ ಅದಕ್ಕೆ ಕಾಣಿಸಲ್ಲ.”

ಜಗಲಿ ಹೋ ಎಂದಿತು. ಸಿಗಲಿಲ್ಲ ಎನ್ನುತ್ತಾಳೆ, ಇಲ್ಲವೆಂದೂ ಅಲ್ಲ ಎನ್ನುತ್ತಾಳೆ! ಜಯಕುಮಾರ್ ನಗುತ್ತ, “ಮೇಡಂ, ಜನಕ್ಕೆ ಗೊಂದಲ ಬೇಡ. ಹೌದು ಅನ್ನಿ, ಇಲ್ಲಾಂದ್ರೆ ಅಲ್ಲ ಅನ್ನಿ,” ಎಂದ.

ಆಗ ಹೆಂಗಸರ ಸಾಲಿನಿಂದ ಸುಂದರಮ್ಮನ ದನಿ ಬಂತು. ಅವರು ಯಾರಿಗೂ ಹೇಳುತ್ತಿರಲಿಲ್ಲ, ಎಲೆಯಡಿಕೆ ಮೆಲ್ಲುತ್ತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. “ಹೋದ್ ಬೇಸ್ಗೇಲಿ ರೇಷ್ಮೆ ಆಫೀಸ್ನೋರು ನಮ್ಗೆ ಹುಳದ್ ಮೊಟ್ಟೆ ಕೊಟ್ರಲ್ಲ, ಭೂತಗನ್ನಡೀಲಿ ನೋಡಿದೀವಿ, ಗಂಟು ರೋಗ ಕಾಣ್ಲಿಲ್ಲ ಅಂತ ಚೀಟಿ ಹಾಕೇ ಕೊಟ್ರು. ನಾಲ್ಕ್ನೇ ಜ್ವರ್ದಲ್ಲಿ ಹುಳ ತಟ್ಟೆ ತಟ್ಟೆನೇ ಹೋಯ್ತು. ಚೀಟಿ ಸುಳ್ಳಾ? ಸುಳ್ಳಲ್ಲ. ಅವ್ರಿಗೆ ಕಾಣ್ಲಿಲ್ಲ, ಅಷ್ಟೇಯ. ಹುಳ ಸಾಕ್ದೋರ್ಗೆ ಇದು ಗೊತ್ತಿಲ್ವಾ? ಕಿರುಚ್ತಾವೆ ಸುಮ್ನೆ.”

ಹುಳು ಸಾಕದ ಮನೆ ಅಲ್ಲಿ ಒಂದೂ ಇರಲಿಲ್ಲ. ಗದ್ದಲ ಒಂದು ಮೆಟ್ಟಿಲು ಇಳಿಯಿತು. ನೂರ್ಜಹಾನ್ ಆ ಮುದುಕಿಯನ್ನು ನೋಡಿದ ರೀತಿ ಯಶೋಧಾಳಿಗೆ ಕಾಣಿಸಿತು. ಹಸಿದವರು ತಟ್ಟೆ ನೋಡಿದ ಹಾಗಿತ್ತು.

ಆದರೂ ಸಭೆ ಯಾರ ಕಡೆಗೂ ವಾಲದೆ ಮುರಿಯಿತು. ಬೇಕಾದವರಿಗೆ ಕಂಪ್ನಿಯಿಂದಲೇ ಟ್ಯಾಂಕರ್ ನೀರು ಕಳಿಸುತ್ತೇವೆ ಎಂದು ಜಯಕುಮಾರ್ ಹೇಳಿಹೋದ. ಟ್ಯಾಂಕರು ಎಲ್ಲಿ ತುಂಬುತ್ತದೆ ಎಂದು ಯಶೋಧಾ ಕೇಳಿದ್ದಕ್ಕೆ, “ಅದೆಲ್ಲ ನಮಗೆ ಬಿಡಿ ಅಮ್ಮ,” ಎಂದ.

ಜೀಪಿಗೆ ಡಬ್ಬ ಎತ್ತಿಡುತ್ತಿದ್ದ ನೂರ್ಜಹಾನಳ ಹಿಂದೆ ಯಶೋಧಾ ಹೋಗಿ ನಿಂತಳು. ಕೇಳಬೇಕಾದ್ದು ಒಂದೇ ಇತ್ತು, ಹತ್ತು ತಿಂಗಳಿಂದ ಗಂಟಲಲ್ಲಿತ್ತು.

“ಹೋದ್ ವರ್ಸ ನಂದು ಹೋಯ್ತಲ್ಲ. ಈ ನೀರಿಂದಾನೇನಾ?”

ನೂರ್ಜಹಾನ್ ಡಬ್ಬ ಕೆಳಗಿಟ್ಟಳು. “ಗೊತ್ತಿಲ್ಲ.”

“ಇನ್ನೊಂದ್ಸಲ ಪರೀಕ್ಷೆ ಮಾಡುದ್ರೆ?”

“ಆಗ್ಲೂ ಗೊತ್ತಾಗಲ್ಲ. ಎಷ್ಟೋ ಕಾರಣಕ್ಕೆ ಹೋಗುತ್ತೆ. ನಿಮ್ಮದು ಇದಕ್ಕೇ ಹೋಯ್ತು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಇದಕ್ಕಲ್ಲ ಅಂದ್ರೂ ನಂಬಬೇಡಿ.”

“ನಿಮ್ಗೆ ಬಾಯಿ ಕಟ್ಟವ್ರೆ.”

“ಇಲ್ಲ.”

“ಮತ್ತೆ ಆರು, ಹದಿನೆಂಟು ಅಂತ ಯಾಕೆ? ಒಂದ್ ಹೇಳೋಕೇನು?”

“ಬೇಸಿಗೇಲಿ ಹದಿನೆಂಟು ಬಂತು, ಮಳೇಲಿ ಆರು. ನಡುವಿನದ್ದೊಂದೇ ಬರ್ದಿದ್ರೆ ನಿಮಗೆ ಸಮಾಧಾನ ಆಗ್ತಿತ್ತು. ಆದರೆ ಸುಳ್ಳಾಗ್ತಿತ್ತು.” ಅವಳು ಡಬ್ಬದ ಮುಚ್ಚಳ ಒತ್ತಿ ಹಾಕಿ, “ಇಷ್ಟಿದ್ರೆ ಪರವಾಗಿಲ್ಲ ಅಂತ ಒಂದು ಲೆಕ್ಕ ಇರುತ್ತೆ. ಅದು ದೊಡ್ಡೋರಿಗೆ ಮಾಡಿದ್ದು. ಹೊಟ್ಟೇಲಿರೋರಿಗೆ ಎಷ್ಟು ಅಂತ ಸರಿಯಾಗಿ ಯಾರಿಗೂ ಗೊತ್ತಿಲ್ಲ,” ಎಂದಳು.

“ಕಾಯಿಸಿ ಕುಡುದ್ರೆ?”

“ಒಂದಷ್ಟು ಹಬೆಯಲ್ಲಿ ಹಾರುತ್ತೆ. ಆದರೆ ಆ ಹಬೆ ನಿಮ್ಮ ಅಡುಗೆಮನೇಲೇ ಇರುತ್ತಲ್ಲ.”

ಯಶೋಧಾ ಅವಳ ಮುಖವನ್ನೇ ನೋಡಿದಳು. ಸುಳ್ಳು ಹೇಳುವವರು ಇಷ್ಟು ಕೆಟ್ಟದಾಗಿ ಹೇಳುವುದಿಲ್ಲ. ಜಯಕುಮಾರನ ಮಾತು ಎಷ್ಟು ನುಣುಪಾಗಿತ್ತು. ಈಕೆಯ ಮಾತಿನಲ್ಲಿ ಅಲ್ಲಲ್ಲಿ ತೂತು, ಆ ತೂತನ್ನು ಈಕೆಯೇ ಬೆರಳಿಟ್ಟು ತೋರಿಸುತ್ತಾಳೆ. ಆದರೂ ಮನಸ್ಸು ಪೂರ್ತಿ ಬಗ್ಗಲಿಲ್ಲ.

“ನೀವು ನನ್ ಜಾಗ್ದಲ್ಲಿ ಇದ್ದಿದ್ರೆ?”

ನೂರ್ಜಹಾನ್ ರಸ್ತೆಯ ಕಡೆ ನೋಡಿದಳು, ಯಾರಾದರೂ ಕೇಳಿಸಿಕೊಳ್ಳುತ್ತಾರೋ ಎಂಬಂತೆ. “ನಾನು ಕುಡೀತಿರ್ಲಿಲ್ಲ.”

“ಇದ್ನ ಯಾಕೆ ಕಾಗ್ದದಲ್ಲಿ ಬರೀಲಿಲ್ಲ?”

“ಅದು ಪರೀಕ್ಷೆ ಹೇಳಿದ್ದಲ್ಲ ಯಶೋಧಾ. ನಾನು ಹೇಳ್ತಿರೋದು.”

“ನಮ್ಗೆ ಬೇಕಾಗಿದ್ದು ಅದೊಂದೇಯ,” ಎಂದಳು ಯಶೋಧಾ.

ಮಾರನೇ ಬೆಳಿಗ್ಗೆ ಹುಳುಗಳಿಗೆ ಸೊಪ್ಪು ಹಾಕಿ, ರೊಟ್ಟಿ ತಟ್ಟಿಟ್ಟು, ಎರಡು ಬಿಂದಿಗೆ ತೊಳೆದಳು. ದಯಾನಂದ ಹಲ್ಲುಜ್ಜುತ್ತ ಬಂದು ನಿಂತ.

“ಎಲ್ಲಿಗೆ?”

“ಹಳ್ಳದ್ ಆಚೆ.”

“ಮಾಯಕ್ಕನ್ ಮನೆಗಾ? ಬುದ್ದಿ ಐತೇನೆ ನಿಂಗೆ? ಊರ ಮುಂದೆ ಕಳ್ಳಿ ಅಂದ್ಬುಟ್ಟು, ಈಗ ಬಿಂದ್ಗೆ ಹಿಡ್ಕೊಂಡು ಹೋಯ್ತೀಯ? ಟ್ಯಾಂಕರ್ ಕಳಿಸ್ತೀನಿ ಅಂದವ್ನಲ್ಲ.”

“ಅದು ಎಲ್ಲಿ ನೀರು ಅಂತ ನಿಂಗೊತ್ತಾ?”

ಅವಳು ಹೊರಟಳು. ಹಳ್ಳ ಇಳಿದು ಬಂಡೆ ಹತ್ತುವಷ್ಟರಲ್ಲಿ ಮೂರು ಸಲ ಹಿಂದಿರುಗಬೇಕೆನಿಸಿತು. ಮಾಯಮ್ಮ ಅಂಗಳ ಸಾರಿಸುತ್ತಿದ್ದಳು. ಬಿಂದಿಗೆ ಕಂಡರೂ ಕಾಣದವಳ ಹಾಗೆ ಸಗಣಿ ನೀರು ಚೆಲ್ಲಿದಳು. ಯಶೋಧಾ ಕಾಲು ಹಿಂದಕ್ಕೆ ಎತ್ತಬೇಕಾಯಿತು.

“ತಪ್ಪಾಯ್ತು ಮಾಯಕ್ಕ.”

“ಯಾವ್ ತಪ್ಪು? ಓದ್ದೋರು ತಪ್ಪು ಮಾಡ್ತಾರಾ?”

“ನಂಗೆ ಅರ್ಥ ಆಗ್ಲಿಲ್ಲ. ಅರ್ಥ ಆದೋಳ್ ತರ ಹೇಳ್ಬುಟ್ಟೆ.”

ಮಾಯಮ್ಮ ಸಾರಿಸುವುದನ್ನು ನಿಲ್ಲಿಸಲಿಲ್ಲ. “ಈಗ ಕಳ್ದೋದ್ ನೀರ್ ಹುಡಿಕ್ಕೊಂಡು ಬಂದ್ಯಾ?”

“ಕುಡ್ಯಕ್ಕೆ ದಿನಾ ಎರಡು ಬಿಂದ್ಗೆ ಕೊಡು. ಇನ್ನೈದು ತಿಂಗ್ಳು.”

ಆಗ ಮಾಯಮ್ಮ ನೆಟ್ಟಗಾದಳು. ಯಶೋಧಾಳ ಹೊಟ್ಟೆಯ ಕಡೆ ನೋಡಿ ಕಣ್ಣು ಬೇರೆಡೆಗೆ ಸರಿಸಿದಳು. ಕೋಪ ಇಳಿದಿತ್ತು; ಆ ಜಾಗದಲ್ಲಿ ಬೇರೇನೋ ಬಂದಿತ್ತು. ಅದು ಹೆದರಿಕೆ ಎಂದು ಯಶೋಧಾಳಿಗೆ ತಡವಾಗಿ ತಿಳಿಯಿತು.

“ಕೊಡಲ್ಲ ಕಣವ್ವ.”

“ಯಾಕೆ?”

“ಇದ್ರಲ್ಲೂ ಇದ್ರೆ? ಆ ಯಮ್ಮ ಇಲ್ಲ ಅಂದ್ಲಾ? ಕಾಣ್ಲಿಲ್ಲ ಅಂದ್ಲು. ನಾಳಿಕ್ಕೆ ನಿಂಗೆ ಹೋದ್ ವರ್ಸದಂಗೇ ಏನಾರಾ ಆದ್ರೆ, ಮಾಯಮ್ಮನ್ ನೀರು ಕುಡ್ದು ಆಯ್ತು ಅಂತ ಅದೇ ಡೈರಿ ಮುಂದೆ ನೀನೇ ಓದ್ ಹೇಳ್ತೀಯ. ಬಾಟ್ಲಿ ಕದ್ದೋಳು ಅನ್ನಿಸ್ಕೊಂಡ್ ಆಯ್ತು. ಮಗೀನ್ ತಿಂದೋಳು ಅನ್ನಿಸ್ಕೊಳ್ಳೋಕೆ ನನ್ ಕೈಲಾಗಲ್ಲ.”

ಯಶೋಧಾ ಹಾಗೇನೂ ಆಗುವುದಿಲ್ಲ ಎನ್ನಬಹುದಿತ್ತು. ಹಾಗೆ ನೂರಕ್ಕೆ ನೂರು ಎಂದು ಹೇಳುವವರನ್ನು ಅವಳು ನಿನ್ನೆ ತಾನೇ ನೋಡಿದ್ದಳು. ಬಿಂದಿಗೆಗಳನ್ನು ಕೆಳಗಿಟ್ಟಳು. “ಏನೇ ಆದ್ರೂ ನಿನ್ ಮೇಲೆ ಹಾಕಲ್ಲ ಮಾಯಕ್ಕ.”

“ಇವತ್ತು ಅಂತೀಯ.”

“ಬರ್ಕೊಡ್ತೀನಿ.”

ಮಾಯಮ್ಮ ಅದನ್ನು ತೂಗಿ ನೋಡಿದಳು. ಒಳಗೆ ಹೋಗಿ ಕ್ಯಾಲೆಂಡರಿನ ಹಳೇ ಹಾಳೆಯೊಂದನ್ನೂ ಕೆಂಪರಾಜುವಿನ ಪೆನ್ನನ್ನೂ ತಂದಳು. ಯಶೋಧಾ ಜಗಲಿಯ ಮೇಲೆ ಕೂತು ಹಾಳೆಯ ಬೆನ್ನಿಗೆ ಬರೆಯತೊಡಗಿದಳು. ಈ ನೀರು ಒಳ್ಳೆಯದು ಎಂದು ಬರೆದು ಹೊಡೆದುಹಾಕಿದಳು. ಈ ನೀರಿನಲ್ಲಿ ಏನೂ ಇಲ್ಲ ಎಂದು ಬರೆದು ಅದನ್ನೂ ಹೊಡೆದುಹಾಕಿದಳು. ಇಷ್ಟು ಕಷ್ಟವ್ಯಾಕೆ? ನಿಜವಾದದ್ದನ್ನಷ್ಟೇ ಬರೆಯಬೇಕೆಂದು ಕೂತರೆ ಕೈಗೆ ಸಿಗುವುದು ಎಷ್ಟು ಕಡಿಮೆ. ಮಾಯಮ್ಮ ಸಗಣಿಯ ಕೈಯನ್ನು ಮೇಲೆತ್ತಿಕೊಂಡು ಮುಂದೆಯೇ ನಿಂತಿದ್ದಳು.

“ಏನ್ ಬರುದ್ಯೋ ಗಟ್ಟಿಯಾಗ್ ಓದು. ಈ ಸಲ ಸರ್ಯಾಗ್ ಓದು.”

ಯಶೋಧಾ ಓದಿದಳು. “ಈ ನೀರಿನಲ್ಲಿ ಕೆಟ್ಟದ್ದು ಇದೆ ಎಂದು ಯಾರಿಗೂ ಕಂಡಿಲ್ಲ. ಇಲ್ಲವೇ ಇಲ್ಲ ಎಂದು ಯಾರೂ ಹೇಳಿಲ್ಲ, ಮಾಯಮ್ಮನೂ ಹೇಳಿಲ್ಲ. ನಮ್ಮ ಮನೆಯ ನೀರಿಗಿಂತ ಇದು ಮೇಲು ಎಂದು ನನಗೆ ಅನಿಸಿದೆ. ನಾನೇ ಕೇಳಿ ತೆಗೆದುಕೊಂಡು ಹೋಗುತ್ತಿದ್ದೇನೆ. ಏನೇ ಆದರೂ ಅದು ಇವರಿಂದ ಆದದ್ದಲ್ಲ. ಯಶೋಧಾ.”

“ಇದೇನವ್ವಾ, ಆ ಯಮ್ಮನ್ ತರಾನೇ ಬರ್ದಿದ್ದೀಯ. ಇಲ್ಲ ಅಂತಾನೂ ಇಲ್ಲ, ಐತೆ ಅಂತಾನೂ ಇಲ್ಲ.”

“ಗೊತ್ತಿರೋದು ಅಷ್ಟೇಯ ಮಾಯಕ್ಕ.”

“ಇದ್ನ ಡೈರಿ ಗೋಡೆಗೆ ಅಂಟುಸ್ತೀಯಾ? ಸಂಜೆ ಎಲ್ರೂ ಇರೋವಾಗ?”

ಯಶೋಧಾ ತಲೆ ಎತ್ತಿದಳು. ಊರೆಲ್ಲ ಓದುತ್ತದೆ. ಅವಳ ಹೊಟ್ಟೆಯ ವಿಷಯ, ಅವಳ ಹೆದರಿಕೆ, ಅವಳ ತಪ್ಪು, ಎಲ್ಲ ಹಾಲಿನ ಕ್ಯಾನುಗಳ ಮುಂದೆ. ಬೋರಲಿಂಗಯ್ಯ ಜೇಬಿನಲ್ಲಿ ಕನ್ನಡಕ ಇಟ್ಟುಕೊಂಡು ಇನ್ಯಾರಿಂದಲೋ ಓದಿಸುತ್ತಾನೆ.

“ಅಂಟುಸ್ತೀನಿ. ನಾನೇ ಓದ್ತೀನಿ.”

ಮಾಯಮ್ಮ ಹಿತ್ತಲಿಗೆ ನಡೆದಳು. ಸ್ವಲ್ಪ ಹೊತ್ತಿಗೆ ಮೋಟಾರಿನ ಸ್ವಿಚ್ಚು ಟಕ್ಕೆಂದಿತು. ಪೈಪು ಎರಡು ಸಲ ಕೆಮ್ಮಿ, ಗಾಳಿ ಉಗುಳಿ, ನೀರು ಬಿಟ್ಟಿತು.

“ಬಿಂದ್ಗೆ ಇಡೇ, ನೋಡ್ತಾ ನಿಂತವ್ಳೆ! ಎಂಟಕ್ಕೆ ಕರೆಂಟ್ ಹೋಯ್ತದೆ.”

ಯಶೋಧಾ ಇಟ್ಟಳು. ಎರಡೂ ತುಂಬಿದವು. ಒಂದನ್ನು ಸೊಂಟಕ್ಕೆ ಏರಿಸಿ ಇನ್ನೊಂದರ ಕಂಠಕ್ಕೆ ಕೈ ಹಾಕುವಷ್ಟರಲ್ಲಿ ಮಾಯಮ್ಮ ಆ ಕೈಯ ಮೇಲೆ ಪಟ್ಟೆಂದು ಹೊಡೆದಳು.

“ಒಂದೇ ಎತ್ಕೊಂಡೋಗು. ಇನ್ನೊಂದುಕ್ಕೆ ನಿನ್ ಗಂಡುನ್ನ ಕಳ್ಸು. ಅವ್ನಿಗೇನ್ ಕಾಲಿಲ್ವಾ?”